ನಿಮ್ಮ ಏಣಿ ನಮ್ಮ ಅಂಗಳದಲ್ಲಿದೆ

ವ್ಯಾನಿನ ಪೇಂಟರ್ ಅವರಿಗೆ,

ನಿಮ್ಮ ಏಣಿ ನಮ್ಮ ಮನೆಯಲ್ಲಿದೆ. ಮಗಳ ಸ್ಕೂಟರ್ ಬಿಟ್ಟುಕೊಡುವಾಗ ಪೊಲೀಸರು ಅದನ್ನೂ ನಮ್ಮದೇ ಅಂದುಕೊಂಡು ಜೊತೆಗೆ ಕಳಿಸಿದ್ದಾರೆ. ಅದು ನಮ್ಮದಲ್ಲ, ವ್ಯಾನಿನಿಂದ ಜಾರಿ ಅವಳ ಮೇಲೆ ಬಿದ್ದದ್ದು ಎಂದು ಹೇಳದೆ ನಾನೂ ಸಹಿ ಹಾಕಿ ಇಳಿಸಿಕೊಂಡೆ.

ಗಟ್ಟಿ ಏಣಿ, ಒಂದು ಮೆಟ್ಟಿಲೂ ಸೊಟ್ಟಗಾಗಿಲ್ಲ. ಪಕ್ಕದ ಮನೆಯವರು ಬಲ್ಬ್ ಹಾಕಲು ಕೇಳಿದರು, ಕೊಟ್ಟೆ. ನಿನ್ನೆ ಮೊಮ್ಮಗಳು ಅದರ ಮೇಲೆ ಕೂತು ತಿಂಡಿ ತಿಂದಳು. ಅಮ್ಮ ಇನ್ನು ಬರುವುದಿಲ್ಲ ಎಂದು ಅವಳಿಗೆ ಗೊತ್ತು; ಅದು ಯಾವ ಏಣಿ ಎಂದು ಗೊತ್ತಿಲ್ಲ. ಗೊತ್ತಾಗುವ ಮೊದಲು ತೆಗೆದುಕೊಂಡು ಹೋಗಿ.

"ಅರ್ಜೆಂಟಲ್ಲಿದ್ದೆ ಅಮ್ಮಾ, ಮುಂದೆ ಮಾತ್ರ ಹಗ್ಗ ಕಟ್ಟಿದ್ದೆ" ಅಂತ ಠಾಣೆಯಲ್ಲಿ ಅತ್ತಿರಿ. ಮೊನ್ನೆ ಅಂಗಡಿಗೆ ಹೋಗಿ ವಿಚಾರಿಸಿದೆ. ವ್ಯಾನಿನ ಮೇಲಿನ ಕಂಬಿಗೆ ಏಣಿಯನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಸಿಗುತ್ತದೆ. ಮುಂದೊಂದು, ಹಿಂದೊಂದು ತಿರುಗಿಸಿದರೆ ಮುಗಿಯಿತು. ಈ ಮುದಿ ಕೈಯಲ್ಲೇ ತಿರುಗಿಸಿ ನೋಡಿದೆ, ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅನ್ನುತ್ತೀರೇನೋ. ನಿಮ್ಮ ವ್ಯಾನಿನ ಹಿಂದೆ ದಿನವೂ ಯಾರದೋ ಮಕ್ಕಳು ಬರುತ್ತಿರುತ್ತಾರೆ.

ಮಗು ಶಾಲೆಗೆ ಹೋದ ಮೇಲೆ ಬನ್ನಿ. ಕೈ ಮುಗಿಯಬೇಡಿ, ಕಾಲಿಗೆ ಬೀಳಬೇಡಿ. ಅವಸರ ಇರುವ ದಿನವಂತೂ ಬರಲೇಬೇಡಿ. ಕ್ಲ್ಯಾಂಪ್ ತಂದು, ವ್ಯಾನನ್ನು ಅಂಗಳದೊಳಗೇ ನಿಲ್ಲಿಸಿ, ನನ್ನ ಕಣ್ಣೆದುರೇ ಬಿಗಿಯಿರಿ. ಆಮೇಲೆ ಎಳೆದು ನೋಡುವವಳು ನಾನು. ಒಂದಿಷ್ಟು ಅಲ್ಲಾಡಿದರೂ ಗೇಟು ತೆಗೆಯುವುದಿಲ್ಲ.

ಇಂತಿ,
ಸ್ಕೂಟರಿನವಳ ಅಮ್ಮ