ಓದಿ ಹೇಳಲಾಗಿದೆ

೩-೧೧-೨೦೨೪, ಭಾನುವಾರ, ಬೆಳಿಗ್ಗೆ ೬

ವಿವರ:
೧. ಹೆಸರು: ಖಾದರ್ ಬಾಷಾ. ವಯಸ್ಸು ೬೧. ವಾಸ: ಯಲಹಂಕ.
೨. ಉದ್ಯೋಗ: ವಕೀಲ ಶಿವಪುತ್ರ ಅವರ ಕಚೇರಿಯಲ್ಲಿ ಗುಮಾಸ್ತ. ಅರ್ಜಿ ಬರೆಯುವುದು, ನಕಲು ತೆಗೆಯುವುದು. ಮೂವತ್ತೊಂದು ವರ್ಷ. ಸೋಮವಾರದಿಂದ ಶನಿವಾರ.
೩. ನಾನೇ ನಡೆಸುವ ಮಲ್ಕಾ ಪ್ರಕಾಶನ. ದಿವಂಗತ ಪತ್ನಿಯ ಹೆಸರು. ಎಂಟು ವರ್ಷದಲ್ಲಿ ಐದು ಪುಸ್ತಕ. ಭಾನುವಾರ ಮಾತ್ರ.
೪. ಆರನೆಯದು ಸಿದ್ಧ. ಕೊಡಿಗೇಹಳ್ಳಿಯ ಮುನಿಗಂಗಮ್ಮನವರ ಜೀವನ ವೃತ್ತಾಂತ. ಐವತ್ತು ವರ್ಷ ಸೊಪ್ಪು ಮಾರಿದವರು. ಪಿಂಚಣಿ ಅರ್ಜಿಗೆಂದು ಕಚೇರಿಗೆ ಬಂದು, ಕಾಯುತ್ತ ಹೇಳಿದ್ದು. ಊಟದ ಬಿಡುವಿನಲ್ಲಿ ಬರೆದುಕೊಂಡೆ.

ಹದಿನೈದರಂದು ಯಶವಂತಪುರದ ಪ್ರೆಸ್ಸಿಗೆ. ತಪ್ಪಿದರೆ ಕ್ಯಾಲೆಂಡರ್ ಕೆಲಸ ಶುರು — ಜನವರಿವರೆಗೆ ಯಂತ್ರ ಸಿಗದು.

೯-೧೧, ಶನಿವಾರ, ಸಂಜೆ

ಮಗಳು ಅತೀಯಾ ಪುಟ ಜೋಡಿಸಿ ಮುಗಿಸಿದಳು. ಭಾಷೆ ಬಿಗಿಯಾಗಿದೆ, ಒಂದು ಪದವೂ ಸಡಿಲವಿಲ್ಲ ಎಂದೆ. ಅವಳು ಮೊದಲ ಪುಟಕ್ಕೆ ಮರಳಿದಳು.

"ಅಬ್ಬಾ, ಸೊಪ್ಪಿನ ಅಜ್ಜಿಗೆ ಓದಿ ಹೇಳಿದ್ರಾ?"

ಹೆಬ್ಬೆಟ್ಟು ಒತ್ತಿದ ಪ್ರತಿಯೊಂದು ಅರ್ಜಿಯ ಕೆಳಗೂ ಬರೆಯುತ್ತೇನೆ — 'ಓದಿ ಹೇಳಲಾಗಿದೆ, ಸರಿಯೆಂದು ಒಪ್ಪಿರುತ್ತಾರೆ.' ಓದದೆ ಒಂದು ದಿನವೂ ಹಾಗೆ ಬರೆದವನಲ್ಲ. ಪುಸ್ತಕದ ವಿಷಯದಲ್ಲಿ ಅದು ಹೊಳೆಯಲೇ ಇಲ್ಲ.

೧೦-೧೧, ಭಾನುವಾರ

ಕೊಡಿಗೇಹಳ್ಳಿ. ಮುನಿಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಮೊದಲ ಅಧ್ಯಾಯ ಓದಿದೆ. 'ಸದರಿ ದಿನದಂದು ಸೊಪ್ಪು ಮಾರಾಟವಾಗದ ಪ್ರಯುಕ್ತ, ನನಗೆ ರಾತ್ರಿಯ ಆಹಾರವನ್ನು ನಿರಾಕರಿಸಲಾಯಿತು...' ಗಮನವಿಟ್ಟು ಕೇಳಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಹೆಮ್ಮೆ.

"ಪಾಪ, ಯಾರ್ದು ಸಾಬ್ರೇ ಈ ಕೇಸು? ಗೆಲ್ತಾಳಾ ಅವ್ಳು?"

ನಿಮ್ಮದೇ ಎಂದೆ. ನಂಬಲಿಲ್ಲ. ನಕ್ಕರು. ಆಮೇಲೆ ಕಾಳು ಬಿಡಿಸುತ್ತಲೇ —

"ನಮ್ಮತ್ತೆ ಮಂಕ್ರಿ ನೋಡೋಳು. ಸೊಪ್ಪು ಉಳ್ದಿದ್ರೆ ಮುದ್ದೆ ಇಲ್ಲ. ಅವತ್ತು ಬಾಡಿದ್ ಸೊಪ್ನೇ ಅಸೀದು ತಿಂದು ಮಲಿಕ್ಕಂಡೆ. ಇಂಗೆ ಬರ್ಕಳಿ."

ಇದನ್ನೇ ಅಂದೂ ಹೇಳಿದ್ದರು. ಕಿವಿಯಿಂದ ಕೈಗೆ ಇಳಿಯುವಷ್ಟರಲ್ಲಿ ಅರ್ಜಿಯಾಗಿತ್ತು. ನೂರಿಪ್ಪತ್ತು ಪುಟವೂ ಹಾಗೆಯೇ. ಮತ್ತೆ ಮೊದಲಿನಿಂದ ಕೇಳಿ ಬರೆಯಬೇಕು. ಪುಸ್ತಕ ಜನವರಿಗೆ ತರಲೇ ಎಂದು ಕೇಳಿದೆ. ಎಂಬತ್ತಮೂರು ದಾಟಿದವಳಿಗೆ ಜನವರಿ ಮಾತು ಆಡಬೇಡಿ ಎಂದರು.

೧೧-೧೧, ಸೋಮವಾರ

ಮೂರು ದಿನದ ರಜೆ ಕೇಳಿದೆ. ಗುರುವಾರ ಜಮೀನಿನ ಕೇಸು ಬರಲಿದೆ, ಇನ್ನೂರು ಪುಟದ ನಕಲು ಬಾಕಿ. ವಕೀಲರು ವಿಜಯಪುರದ ಕಡೆಯವರು. ಸಿಟ್ಟು ಬಂದರೂ ದನಿ ಏರದು.

"ನೋಡ್ರಿ ಬಾಷಾ, ಪುಸ್ತಕ ಎಲ್ಲೂ ಓಡಿ ಹೋಗಂಗಿಲ್ಲ. ಡೇಟ್ ಹೋಗ್ತದ. ನಾಳೆ ಬರ್ಲಿಲ್ಲಂದ್ರ ಬ್ಯಾರೆಯವ್ರನ್ನ ನೋಡ್ಕೊಬೇಕಾಗ್ತದ."

ಅವರದು ತಪ್ಪೆಂದು ಬರೆಯಲಾರೆ. ಸಂಜೆಯವರೆಗೆ ನಕಲು ತೆಗೆದು, ಮೂಲದೊಂದಿಗೆ ತಾಳೆ ನೋಡಿ ಗುರುತು ಹಾಕಿದೆ. ಎಂಬತ್ತೆರಡು ಪುಟ. 'ಪ್ರಯುಕ್ತ' ಬಂದಲ್ಲೆಲ್ಲ ಪೆನ್ನು ನಿಂತಿತು.

೧೨-೧೧, ಮಂಗಳವಾರ, ಬೆಳಿಗ್ಗೆ ೭

ಕೆಳಗಿನದು ವಕೀಲರಿಗೆ. ಅತೀಯಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೊಟ್ಟು ಹೋಗುವಳು. ನನ್ನ ಬಸ್ಸಿಗೆ ಹತ್ತು ನಿಮಿಷವಿದೆ.

ಮಾನ್ಯರೇ,
ಮುನಿಗಂಗಮ್ಮನವರ ಮಾತನ್ನು ಕೆಡಿಸಿದ್ದೇನೆ. ಸರಿಮಾಡಲು ಹೋಗುತ್ತಿದ್ದೇನೆ. ಇವತ್ತು, ನಾಳೆ, ನಾಡಿದ್ದು ಬರುವುದಿಲ್ಲ. ಆಮೇಲೆ ತಾವು ಕರೆದರೆ —

ಸಹಿ/-
ಖಾದರ್ ಬಾಷಾ

ಲಗತ್ತು: ಕಚೇರಿಯ ಬೀಗದ ಕೈ, ಒಂದು.