ಕೋಟಿನೊಳಗಿನ ಎರಡು ಕಿಲೋ

ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೪, ಬೆಳಿಗ್ಗೆ

ನನ್ನ ಮುಳ್ಳಮ್ಮಾ,

ಬೆನ್ನುನೋವು ಹೇಗಿದೆ? ಆ ದ್ವೀಪದ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡುತ್ತೀಯೋ, ಇಲ್ಲಾ ಹವಾಮಾನ ಅಳೆಯುವವಳಿಗೆ ಹವೆ ತಾಗುವುದಿಲ್ಲ ಎಂಬ ಧಿಮಾಕೋ? ಮೂವತ್ತು ವರ್ಷದವಳನ್ನು ಇನ್ನೂ ಮುಳ್ಳು ಅಂತ ಕರೆಯುತ್ತೀರಲ್ಲ ಎಂದು ನಿನ್ನಮ್ಮ ಬೈಯುತ್ತಾಳೆ. ತಕ್ಕಡಿಯ ಮುಳ್ಳಿನ ಹಾಗೆ ಒಂದು ಕಡೆ ನಿಲ್ಲದ ಮಗುವಿಗೆ ತಕ್ಕಡಿ ರಿಪೇರಿಯವನು ಇನ್ನೇನು ಹೆಸರಿಟ್ಟಾನು? ಅವಳೀಗ ತರಕಾರಿಗೆ ಹೋಗಿದ್ದಾಳೆ. ಫೋನು ಮಾಡಿದರೆ ಪಕ್ಕದಲ್ಲೇ ಕಿವಿಯಿಟ್ಟು ಕೂರುತ್ತಾಳೆ, ಅದಕ್ಕೇ ಈ ಕಾಗದ.

ಈ ತಿಂಗಳ ಹಡಗಿಗೇ ಹೊರಡಲೋ, ಸೆಪ್ಟೆಂಬರಿನಲ್ಲಿ ಒಪ್ಪಂದ ಮುಗಿಸಿ ಬರಲೋ ಎಂದು ಕೇಳಿದ್ದೀಯ. ಹೇಳುತ್ತೇನೆ. ಮೊದಲು ಔಷಧಿಯ ಕಥೆ ಕೇಳು. ಕೀಮೋ ಸಿಕ್ಕಿದ್ದನ್ನೆಲ್ಲ ಬಡಿಯುತ್ತದೆ. ನನ್ನ ಕೂದಲು ಹೋಯಿತು, ನಾಲಿಗೆಯ ರುಚಿಯೂ ಹೋಯಿತು. ಅದರ ಜೊತೆಗೆ ಏರಿಸುತ್ತಿದ್ದ ಇನ್ನೊಂದು ಔಷಧಿ ಹಾಗಲ್ಲ. ಹೊಟ್ಟೆಯ ಗಡ್ಡೆಯಿಂದ ಚಿವುಟಿ ತೆಗೆದ ಚೂರನ್ನು ಮೊದಲು ಪರೀಕ್ಷೆ ಮಾಡುತ್ತಾರೆ. ಕ್ಯಾನ್ಸರ್ ಜೀವಕೋಶಗಳ ಮೈಮೇಲೆ ಒಂದು ಬಗೆಯ ಪ್ರೋಟೀನು ಅತಿಯಾಗಿದ್ದರೆ ಮಾತ್ರ ಅದನ್ನು ಕೊಡುವುದು. ಅದು ಆ ಪ್ರೋಟೀನನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಂಡು, ಬೆಳೆಯದಂತೆ ತಡೆಯುತ್ತದೆಯಂತೆ. ಬಹಳ ಜನರಿಗೆ ಆ ಪ್ರೋಟೀನೇ ಇರುವುದಿಲ್ಲ, ನನಗಿತ್ತು. ಗುಣವಾಗುವುದಿಲ್ಲ, ದಿನಗಳು ಸಿಗುತ್ತವೆ ಎಂದು ಡಾಕ್ಟರಮ್ಮ ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಷ್ಟು ಸಿಕ್ಕರೆ ಸಾಕೆಂದು ನಾನೂ ತಲೆಯಾಡಿಸಿದ್ದೆ.

ಔಷಧಿಯ ಪ್ರಮಾಣ ಮೈತೂಕದ ಮೇಲೆ. ಹಾಗಾಗಿ ಮೂರು ವಾರಕ್ಕೊಮ್ಮೆ ನನ್ನನ್ನು ತೂಕಕ್ಕೆ ನಿಲ್ಲಿಸುತ್ತಾರೆ. ಆ ಯಂತ್ರವೂ ಇನ್ನೂರು ಗ್ರಾಮು ಸುಳ್ಳು ಹೇಳುತ್ತದೆ, ಹೇಳಿದರೆ ನರ್ಸು ನಗುತ್ತಾಳೆ. ಒಂದು ದಿನ ಪಕ್ಕದ ಹಾಸಿಗೆಯವನಿಗೆ, ತೂಕ ತುಂಬಾ ಇಳಿದಿದೆ, ಇವತ್ತು ಔಷಧಿ ಇಲ್ಲ, ಹೋಗಿ ಚೆನ್ನಾಗಿ ಊಟ ಮಾಡಿ ಬನ್ನಿ ಅಂದರು. ಅದು ನಿನ್ನಮ್ಮನ ಕಿವಿಗೆ ಬಿತ್ತು. ಮುಂದಿನ ಸಲ ಹೊರಡುವಾಗ "ಚಳಿ ಇದೆ, ಕೋಟು ಹಾಕ್ಕೊಳ್ಳಿ" ಅಂದಳು. ಕೈಗೆತ್ತಿಕೊಂಡ ಕೂಡಲೇ ಗೊತ್ತಾಯಿತು. ನಲವತ್ತು ವರ್ಷ ತೂಕದ ಬಟ್ಟು ಹಿಡಿದ ಕೈ ಇದು! ನನ್ನ ಹಳೇ ಡಬ್ಬದಿಂದ ಅರ್ಧ ಕಿಲೋದ ನಾಲ್ಕು ಹಿತ್ತಾಳೆ ಬಟ್ಟು ತೆಗೆದು, ಕೋಟಿನ ಕೆಳಗಂಚಿನೊಳಗೆ ಸಾಲಾಗಿ ಹೊಲಿದಿದ್ದಳು. ಹೊಲಿಗೆ ಎಷ್ಟು ನಾಜೂಕಾಗಿತ್ತೆಂದರೆ, ಬೈಯಲು ಬಾಯಿ ಬರಲಿಲ್ಲ.

ತೂಕದಲ್ಲಿ ಮೋಸ ಮಾಡಲು ಬಟ್ಟಿನ ತಳ ಕೊರೆದ ಅಂಗಡಿಯವನನ್ನು ಬೀದಿಯಲ್ಲಿ ನಿಲ್ಲಿಸಿ ಮಾನ ಕಳೆದವನು ನಾನು. ಆದರೂ ಮೂರು ಸಲ ಬಾಯಿ ಮುಚ್ಚಿಕೊಂಡು ಆ ಯಂತ್ರದ ಮೇಲೆ ನಿಂತೆ. ನನಗೂ ಆಸೆಯಿತ್ತು ಕಣೇ. ನಾಲ್ಕನೆಯ ಸಲ ತಡೆಯಲಾಗದೆ ಡಾಕ್ಟರಮ್ಮನಿಗೆ ಹೇಳಿಬಿಟ್ಟೆ. ಅವರು ಹೊಸದಾಗಿ ಲೆಕ್ಕ ಹಾಕಿ, "ಎರಡು ಕಿಲೋದಿಂದ ಏನೂ ಕೆಟ್ಟದ್ದಾಗಿಲ್ಲ, ಅವರಿಗೆ ಬೈಬೇಡಿ" ಅಂದರು.

ಅದಾದ ಮೇಲೆ ಸ್ಕ್ಯಾನ್ ಬಂತು. ಯಕೃತ್ತಿನಲ್ಲಿ ಹೊಸ ಗಂಟುಗಳು. ಮತ್ತೆ ಚಿವುಟಿ ನೋಡಿದರೆ ಆ ಪ್ರೋಟೀನೇ ಇಲ್ಲ. ಕೆಲವರಲ್ಲಿ ಕ್ಯಾನ್ಸರ್ ಹೀಗೆ ವೇಷ ಬದಲಿಸುತ್ತದಂತೆ. ಹುಡುಕಿಕೊಂಡು ಹೋಗುವ ಔಷಧಿಗೆ ಹುಡುಕಲು ಏನೂ ಉಳಿದಿಲ್ಲ. ಒಂದೂವರೆ ತಿಂಗಳಿಂದ ಅದನ್ನು ನಿಲ್ಲಿಸಿದ್ದಾರೆ, ಈಗ ಏರಿಸುವುದು ನೋವಿಗೂ ನಿಶ್ಶಕ್ತಿಗೂ ಮಾತ್ರ. ನಿನ್ನಮ್ಮ ಅದೇ ಔಷಧಿ ಅಂದುಕೊಂಡು ಹೊರಗೆ ಬೆಂಚಿನ ಮೇಲೆ ಕಾಯುತ್ತಾಳೆ. ನಾನೂ ಅದೇ ಕೋಟು ಹಾಕಿಕೊಂಡು ಹೋಗಿ, ಒಳಗೆ ಕುರ್ಚಿಯ ಮೇಲೆ ಕಳಚಿಟ್ಟು, ಮತ್ತೆ ಹಾಕಿಕೊಂಡು ಬರುತ್ತೇನೆ. ಹೋದ ವಾರ ಇನ್ನೊಂದು ಅರ್ಧ ಕಿಲೋ ಸೇರಿಸಿದ್ದಾಳೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ.

ಇನ್ನು ನಿನ್ನ ಪ್ರಶ್ನೆ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ನಮ್ಮ ಮನೆಯಲ್ಲಿ ಇಲ್ಲ. ನಾನು ಗಟ್ಟಿಯಾಗಿಯೇ ಇದ್ದೇನೆ. ಸೆಪ್ಟೆಂಬರಿಗೇ ಬಾ.

ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ಹೇಳು. ನಿನಗೆ ಒಳ್ಳೆಯದಾಗಲಿ, ತಾಯಿ.

ನಿನ್ನ,
ಅಪ್ಪ

ಮರೆತ ಮಾತು: ಗೇಟಿನ ಸದ್ದಾಯಿತು, ನಿನ್ನಮ್ಮ ಬಂದಳು. ಸೆಪ್ಟೆಂಬರ್ ಅಂದದ್ದು ಸುಳ್ಳು. ಡಾಕ್ಟರಮ್ಮ ಹೇಳಿದ್ದು ವಾರಗಳ ಮಾತು. ಔಷಧಿ ನಿಂತಿದೆ ಎಂದು ಗೊತ್ತಾದ ಗಳಿಗೆಯೇ ಎಲ್ಲಾ ತಾನು ಹೊಲಿದ ಬಟ್ಟುಗಳಿಂದಲೇ ಆಯಿತು ಅಂದುಕೊಳ್ಳುತ್ತಾಳೆ. ಹಾಗಲ್ಲವೆಂದು ನಾನು ಹೇಳಿದರೆ, ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡು ನಂಬುವುದಿಲ್ಲ, ನಾನು ಹೋದ ಮೇಲಂತೂ ಕೇಳಲು ನಾನೇ ಇರುವುದಿಲ್ಲ. ಆ ಎರಡು ಕಿಲೋದಿಂದ ಏನೂ ಆಗಲಿಲ್ಲವೆಂದು ನೀನು ಹೇಳಿದರೆ ನಂಬುತ್ತಾಳೆ. ಈ ಕಾಗದ ತಂದ ಹಡಗಿನಲ್ಲೇ ಹೊರಟು ಬಾ.