ಏಳು ಗಂಟೆಗೆ ಮಾಡಿ, ಬಂದಿರ್ತಾನೆ

ಮನೆಯಿಂದ,
ಮಾರ್ಚ್ ೧೪, ಭಾನುವಾರ

ನನ್ನ ಪ್ರೀತಿಯ ಕತ್ತೇ,

ಹೇಗಿದ್ದೀಯೋ? ಆ ಹಾಳು ಸೊಂಟನೋವು ಹೋಯಿತಾ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ತಲೆಯ ಮೇಲೆ ಕೂದಲು ಇನ್ನೂ ಉಳಿದಿದೆಯಾ? ನಂಬರ್ ಬದಲಾಯಿಸಿ ಸ್ವಂತ ಅಕ್ಕನಿಗೂ ಕೊಡದ ಮಹಾರಾಯ ನೀನು. ಈ ವಿಳಾಸವನ್ನು ನಿನ್ನ ಗೆಳೆಯನ ಹತ್ತಿರ ಕಾಡಿ ಬೇಡಿ ಇಸಕೊಂಡೆ, ಅವನಿಗೆ ಬೈಯಬೇಡ. ನಾನು ಗಟ್ಟಿಯಾಗಿದ್ದೇನೆ. ಅಪ್ಪನ ವಿಷಯಕ್ಕೆ ಬರುತ್ತೇನೆ, ಅದಕ್ಕೆ ಮೊದಲು ನನ್ನ ಆಫೀಸಿನ ಪುರಾಣ ಕೇಳು.

ನಾನೀಗ ಫೋನಿನಲ್ಲಿ ಸಮೀಕ್ಷೆ ಮಾಡುವ ಕಡೆ ಕೋಟಾ ನೋಡಿಕೊಳ್ಳುತ್ತೇನೆ. ಅಪ್ಪನ ಪಾಲಿಗೆ ಅದು ಈಗಲೂ 'ಯಾವುದೋ ಕಂಪ್ಯೂಟರ್ ಆಫೀಸು'. ಇಪ್ಪತ್ತು ಹುಡುಗಿಯರು ಹೆಡ್‌ಫೋನ್ ಸಿಕ್ಕಿಸಿಕೊಂಡು ಸಾಲಾಗಿ ಕೂತಿರುತ್ತಾರೆ. ಕಂಪ್ಯೂಟರ್ ತನಗೆ ತೋಚಿದ ಮನೆಗಳಿಗೆ ಫೋನ್ ಮಾಡುತ್ತದೆ. ಇಷ್ಟು ಹೆಂಗಸರು, ಇಷ್ಟು ಮುದುಕರು, ಇಷ್ಟು ಹರೆಯದ ಗಂಡಸರು ಎಂದು ಪ್ರತಿ ಗುಂಪಿಗೂ ಲೆಕ್ಕವಿದೆ. ಲೆಕ್ಕ ತುಂಬಿದ ಗುಂಪಿನವರಿಗೆ ಅದು ಮತ್ತೆ ಫೋನ್ ಮಾಡುವುದಿಲ್ಲ. ಎತ್ತಿದವರನ್ನೇ ಮಾತಾಡಿಸುವ ಹಾಗೂ ಇಲ್ಲ. ಮನೆಯಲ್ಲಿ ಯಾರ ಹುಟ್ಟುಹಬ್ಬ ಈಚೆಗೆ ಬಂದಿತ್ತೋ ಅವರನ್ನೇ ಕರೆಸಬೇಕು. ಅವರಿಲ್ಲದಿದ್ದರೆ ಎಷ್ಟು ಹೊತ್ತಿಗೆ ಸಿಗುತ್ತಾರೆಂದು ಬರೆದಿಟ್ಟರೆ, ಆ ಹೊತ್ತಿಗೆ ಕಂಪ್ಯೂಟರೇ ಮತ್ತೆ ಪ್ರಯತ್ನಿಸುತ್ತದೆ.

ಹೋದ ಸೋಮವಾರ ಹೀಗೆ ಬಾಕಿ ಉಳಿದವರ ಪಟ್ಟಿ ನೋಡುತ್ತಿದ್ದೆ. ನಮ್ಮ ಮನೆಯ ನಂಬರ್! ಪಕ್ಕದಲ್ಲಿ ಹುಡುಗಿ ಬರೆದಿದ್ದಳು: ಮಗ, ಮೂವತ್ತೊಂದು ವರ್ಷ, ಸಂಜೆ ಏಳಕ್ಕೆ ಸಿಗುತ್ತಾರೆ, ಆರು ಸಲ ಕರೆ ಮಾಡಿದೆ. ರೆಕಾರ್ಡಿಂಗ್ ಹಾಕಿಕೊಂಡು ಕೇಳಿದೆ. ಅಪ್ಪನದೇ ದನಿ. "ನಮ್ಮನೇಲಿ ಮೂರು ಜನ. ಹುಟ್ಟುಹಬ್ಬ ಬಂದಿದ್ದು ಮಗಂದು, ಹೋದ ತಿಂಗಳು ಒಂಬತ್ತನೇ ತಾರೀಖು. ಆಚೆ ಹೋಗಿದಾನಮ್ಮ. ಏಳು ಗಂಟೆಗೆ ಮಾಡಿ, ಬಂದಿರ್ತಾನೆ."

ಅಮ್ಮ ಹೋದ ದಿನ ನೀನು ಎಲ್ಲ ಮುಗಿದ ಮೇಲೆ ಬಂದಾಗ, ಬಾಗಿಲಲ್ಲೇ ನಿಲ್ಲಿಸಿ "ನಂಗೆ ಮಗನೇ ಇಲ್ಲ, ನಡಿ" ಅಂದ ಮನುಷ್ಯ ಇವರೇ. ಮೂರು ವರ್ಷದಿಂದ ನಿನ್ನ ಹೆಸರೆತ್ತಿದರೆ ಎದ್ದು ಹೋಗುವವರು. ಆರೂ ರೆಕಾರ್ಡಿಂಗ್ ಕೇಳಿದೆ. ಒಂದರಲ್ಲಿ ನೀನು ಸ್ನಾನಕ್ಕೆ ಹೋಗಿದ್ದೀಯ, ಒಂದರಲ್ಲಿ ಬಸ್ಸು ತಪ್ಪಿದೆ, ಇನ್ನೊಂದರಲ್ಲಿ ತಲೆನೋವೆಂದು ಮಲಗಿದ್ದೀಯ, "ಪಾಪ, ಎಬ್ಸೋದು ಬೇಡಮ್ಮ". ಅಬ್ಬಾ, ಸುಳ್ಳು ಹೇಳಿದರೆ ಬಾಸುಂಡೆ ಏಳುವ ಹಾಗೆ ಬಾರಿಸುತ್ತಿದ್ದ ನಮ್ಮಪ್ಪ! ಮೊದಲು ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಮ್ಮ ಆಫೀಸಿನವರ ಮನೆ ನಂಬರ್ ಬಂದರೆ ಅಳಿಸಬೇಕೆಂಬುದು ನಿಯಮ. ಕೈ ಬರಲಿಲ್ಲ. ಮಂಗಳವಾರ ನಿನ್ನ ವಯಸ್ಸಿನ ಗಂಡಸರ ಲೆಕ್ಕ ತುಂಬಿತು, ನೂರಿಪ್ಪತ್ತಕ್ಕೆ ನೂರಿಪ್ಪತ್ತು. ಗುಂಪು ಮುಚ್ಚಿದರೆ ನಮ್ಮ ಮನೆಯ ಏಳು ಗಂಟೆಯ ಫೋನೂ ನಿಲ್ಲುತ್ತದಲ್ಲ, ನೂರಿಪ್ಪತ್ತೊಂದು ಮಾಡಿದೆ. ಆ ಜಾಗವನ್ನು ಇನ್ಯಾವನೋ ತುಂಬಿದ. ನೂರಿಪ್ಪತ್ತೆರಡು ಮಾಡಿದೆ. ಗುರುವಾರದ ಹೊತ್ತಿಗೆ ನೂರಿಪ್ಪತ್ತನಾಲ್ಕಾಗಿತ್ತು. ಮ್ಯಾನೇಜರ್ ಬಂದು, "ಇದೇನಮ್ಮ, ಯಾರಿಗೋಸ್ಕರ ಜಾಗ ಇಟ್ಕೊಂಡು ಕೂತಿದೀರಿ?" ಅಂದರು. ಅವರ ಎದುರಿಗೇ, ನನ್ನ ಕೈಯಾರೆ ಆ ಗುಂಪು ಮುಚ್ಚಿದೆ.

ಇಷ್ಟೇ ಸಮಾಚಾರ. ಮೈ ಕಡೆ ನೋಡಿಕೋ. ಅಮ್ಮ ಹೇಳುತ್ತಿದ್ದ ಹಾಗೆ, ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನನ್ನು ಬೈಯುವ ಹಕ್ಕು ಇನ್ನೂ ಬಿಟ್ಟುಕೊಡದ,
ಅಕ್ಕ

ತಾ.ಕ.: ಶುಕ್ರವಾರ ಬೇಗ ಮನೆಗೆ ಬಂದೆ. ಅಪ್ಪ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ಫೋನಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಏಳಾಯಿತು, ಏಳೂವರೆಯಾಯಿತು. ರಿಸೀವರ್ ಎತ್ತಿ ಕಿವಿಗಿಟ್ಟು ನೋಡಿ, ಮತ್ತೆ ಇಟ್ಟರು. ನಿನ್ನೆಯೂ ಹಾಗೇ. "ಫೋನ್ ಸರಿಯಾಗೇ ಇದೆ ಅಲ್ವೇನೇ?" ಅಂದರು. ಸರಿಯಾಗೇ ಇದೆ ಅಂದೆ, ನಿಲ್ಲಿಸಿದವಳು ನಾನೇ ಅಂತ ಹೇಳಲಿಲ್ಲ ಕಣೋ. ನಂಬರ್ ಹಳೆಯದೇ. ಏಳಕ್ಕೆ ಸರಿಯಾಗಿ ಮಾಡು. ಮೊದಲನೇ ರಿಂಗಿಗೇ ಎತ್ತಿ, ನೀನು ಬಾಯಿ ಬಿಡುವ ಮೊದಲೇ, ಮಗ ಇನ್ನೇನು ಬಂದುಬಿಡ್ತಾನೆ ಅಂತ ಶುರು ಮಾಡುತ್ತಾರೆ. ಪೂರ್ತಿ ಹೇಳಲು ಬಿಡು. ಆಮೇಲೆ, ಬಂದೆ ಅಪ್ಪಾ ಅನ್ನು.